ಹೂವು ಕಟ್ಟಿದ ರಿಬ್ಬನ್

ಪುಣೆಯ ಭೋಸರಿಯಲ್ಲಿ ನೆಲೆಸಿದ ಬೀದರ, ಕಲಬುರಗಿ ಕಡೆಯವರು ಬಾಗಿಲಿಗೆ ಹಿತ್ತಾಳೆಯ ನಾಮಫಲಕ ಬೇಕೆಂದರೆ ದೂರ ಹೋಗಬೇಕಿಲ್ಲ. ಎಂಐಡಿಸಿಯ ಊರು ಅದು, ಲೋಹ ಕೊರೆಯುವ ಯಂತ್ರಗಳಿಗೆ ಬರವಿಲ್ಲ. ಹೆಸರಿನ ಸುತ್ತ ಹೂಬಳ್ಳಿ, ಮೂಲೆಯಲ್ಲಿ ರಿಬ್ಬನ್ನಿನ ಗಂಟು. ಫೈಲಿನಲ್ಲಿ ಹೆಸರು ಬದಲಿಸಿದರೆ ಸಾಕು. ‘ಅರ್ಥವಿಲ್ಲದ ನಕಲು’ ಎಂದು ಮೂಗು ಮುರಿಯುವವರು ಒಂದು ಮಾತು ಮರೆಯುತ್ತಾರೆ: ಈ ಅಲಂಕಾರ ಊರೂರು ತಿರುಗಿದ್ದೇ ನಕಲಿನಿಂದ.

17ನೇ ಶತಮಾನದ ಪ್ಯಾರಿಸ್ಸಿನಲ್ಲಿ ಝಾಂ ಲೆಪೋತ್ರ್ ತಾಮ್ರದ ತಗಡಿನಲ್ಲಿ ಕೊರೆದ ಚಿತ್ರಗಳು 2,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಅಲಂಕಾರದ ಮಾದರಿಗಳು. ಅಕ್ಕಸಾಲಿಗರು, ಬಡಗಿಗಳು, ಗಾರೆ ಕೆಲಸದವರು ನೋಡಿ ಮಾಡಲೆಂದೇ ಅಚ್ಚಾದ ಹಾಳೆಗಳವು. ಗುಲಾಬಿಯೆಂದರೆ ಪ್ರೇಮ, ಗಸಗಸೆ ಹೂವೆಂದರೆ ನಿದ್ದೆ ಮತ್ತು ಸಾವು ಎಂಬ ಪಟ್ಟಿ ಹಿಡಿದು ಬರೋಕ್ ಹೂವುಗಳನ್ನು ಓದುವುದುಂಟು. ಚರ್ಚಿನ ಚಿತ್ರಕ್ಕೆ ಆ ಪಟ್ಟಿ ಹೊಂದೀತು. ಸಕ್ಕರೆ ಡಬ್ಬಿಯ ಅಂಚಿನಲ್ಲಿ ಸಾವಿಗೇನು ಕೆಲಸ?

ಹೂವಿಗಿಂತ ರಿಬ್ಬನ್ನಿಗೇ ನೆನಪು ಹೆಚ್ಚು. ರೋಮಿನಲ್ಲಿ ಕ್ರಿ.ಪೂ. 9ರಲ್ಲಿ ಅರ್ಪಣೆಯಾದ ‘ಆರಾ ಪಾಚಿಸ್’ ಬಲಿಪೀಠದ ಒಳಗೋಡೆಯಲ್ಲಿ ಹೂಹಣ್ಣಿನ ಮಾಲೆಗಳು ತೂಗುತ್ತವೆ. ರಿಬ್ಬನ್ನಿನಿಂದ ಅವನ್ನು ಕಟ್ಟಿರುವುದು ಬಲಿ ಎತ್ತುಗಳ ತಲೆಬುರುಡೆಗೆ! ಬರೋಕ್ ಹಾಳೆಗಳಲ್ಲಿ ಬುರುಡೆಯ ಜಾಗಕ್ಕೆ ಹೆಚ್ಚಾಗಿ ಸಿಂಹದ ಮುಖ, ರೆಕ್ಕೆಯ ಮಕ್ಕಳು ಬಂದರು. ಬಲಿ ಮರೆಯಾಯಿತು, ಗಂಟು ಉಳಿಯಿತು. ನಮ್ಮ ಹೂಮಾಲೆಯಲ್ಲಿ ನಾರು ಕಂಡರೆ ಕಟ್ಟಿದವರಿಗೆ ಕೈ ಕುದುರಿಲ್ಲ ಎನ್ನುತ್ತೇವೆ. ಅಲ್ಲಿ ಕಟ್ಟಿದ್ದು ಕಾಣಲೇಬೇಕು.

ಅದೇ ಶತಮಾನದ ಬಿದರಿ ಹುಕ್ಕಾಗಳ ಮೇಲೂ ಗಸಗಸೆ ಹೂವಿದೆ. ಮೊಘಲ್ ಚಿತ್ರಕಾರರು ಯುರೋಪಿನ ಸಸ್ಯಗ್ರಂಥಗಳ ಅಚ್ಚುಚಿತ್ರಗಳನ್ನು ನೋಡಿದ್ದರು. ಅವರ ಹೂಗಿಡಗಳ ಶೈಲಿ ದಖ್ಖನಿಗೂ ಇಳಿಯಿತು. ಆದರೆ ಇಲ್ಲಿ ಹೂವನ್ನು ಕಿತ್ತು ಕಟ್ಟಿಲ್ಲ, ಅದು ಗಿಡದಲ್ಲೇ ಇದೆ. ಸತು ಮತ್ತು ತುಸು ತಾಮ್ರದ ಎರಕಕ್ಕೆ ಮೈಲುತುತ್ತ ಬಳಿದು ಕಪ್ಪಾಗಿಸಿ, ಉಳಿಯಿಂದ ಗೆರೆ ಕೊರೆದು, ಬೆಳ್ಳಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು, ನವಸಾಗರದ ನೀರಿನಲ್ಲಿ ಅದ್ದಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ.

ಹಾಗಾಗಿ ತಕರಾರು ನಕಲಿನ ಮೇಲಲ್ಲ, ಹೆಸರಿನ ಮೇಲೆ. ರಿಬ್ಬನ್ ಕಟ್ಟಿದ ಗೊಂಚಲು, ಬಿದರಿಯ ಗಿಡ ಎರಡನ್ನೂ ‘ಫ್ಲೋರಲ್ ಬಾರ್ಡರ್’ ಎಂದು ಒಂದೇ ಫೋಲ್ಡರಿಗೆ ತುರುಕಿದರೆ ಬೀದರದ ಗಿರಾಕಿಗೂ ತನ್ನೂರಿನ ಹೂವಿನ ಗುರುತು ಸಿಗದು. ಗಸಗಸೆ ಗಿಡವೇ ಬೇಕೆಂದು ಕೇಳಿದರೆ ಯಂತ್ರ ಅದನ್ನೂ ಕೊರೆದೀತು. ಬೆಳ್ಳಿಯೂ ಕೋಟೆಯ ಮಣ್ಣೂ ಇಲ್ಲದ ಆ ಫಲಕವನ್ನು ‘ಬಿದರಿ’ ಎಂದು ಮಾರದಿದ್ದರಾಯಿತು.