ನಾಲಿಗೆಯಡಿಯ ಮಾತ್ರೆಯನ್ನು ಯಾರು ಕಲಿಸಬೇಕು?

ಆಂಧ್ರದ ಕಲ್ಯಾಣದುರ್ಗ ಕಡೆಯ ಕುಂದುರ್ಪಿ ಕರ್ನಾಟಕದ ಗಡಿ ಹತ್ತಿರದ ಊರು. ಅಲ್ಲಿನ ಹೃದ್ರೋಗಿ ದೊಡ್ಡ ಚಿಕಿತ್ಸೆಗೆ ಪುಟ್ಟಪರ್ತಿಗೋ ಬೆಂಗಳೂರಿನ ಜಯದೇವಕ್ಕೋ ಹೋಗಬೇಕು. ಸ್ಟೆಂಟ್ ಹಾಕಿಸಿಕೊಂಡು ಮರಳಿದ ಮೇಲೆ ನಡುರಾತ್ರಿ ಎದೆ ಹಿಂಡಿದರೆ ಹತ್ತಿರವಿರುವುದು ಮಾತ್ರೆ ಮತ್ತು ಮನೆಯವರು, ಅಷ್ಟೇ. ಮಂಗಳೂರಿನಲ್ಲಿ ಆಸ್ಪತ್ರೆಗಳು ಸಾಲುಸಾಲಾಗಿದ್ದರೂ ನಮ್ಮ ಮನೆಗಳ ನಡುರಾತ್ರಿಯೂ ಹಾಗೆಯೇ.

ಡಿಸ್ಚಾರ್ಜ್ ದಿನ ಡಾಕ್ಟರು ವಿವರಿಸುವುದು ಬಿಲ್ಲು ಕಟ್ಟುವ ಮಗನಿಗೆ. ಅವನು ವಾರದೊಳಗೆ ದುಬೈಗೆ ಹೊರಡುತ್ತಾನೆ. ಮಾತ್ರೆ ಕೊಡುವವರು, ಸಾರಿಗೆ ಉಪ್ಪು ಹಾಕುವವರು ಉಮ್ಮ ಅಥವಾ ಸೊಸೆ. ಅವರಿಗೆ ಬ್ಯಾರಿಯಲ್ಲಿ ಕೂತು ಹೇಳುವವರಿಲ್ಲ.

ಹೇಳಬೇಕಾದದ್ದು ಬಹಳವೇನಿಲ್ಲ. ಡಾಕ್ಟರು ಸೋರ್ಬಿಟ್ರೇಟ್ ಬರೆದುಕೊಟ್ಟಿದ್ದರೆ, ನೋವು ಬಂದಾಗ ಕೂತುಕೊಂಡು ನಾಲಿಗೆಯಡಿ ಇಡಬೇಕು; ನಿಂತಿದ್ದರೆ ಬಿಪಿ ಇಳಿದು ತಲೆಸುತ್ತಿ ಬೀಳಬಹುದು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಬೇಕು, ಗ್ಯಾಸ್ ಎಂದು ಸೋಡಾ ಕುಡಿಸುತ್ತಾ ಕೂರಬಾರದು. ವಯಾಗ್ರದಂಥ ಮಾತ್ರೆ ತಿಂದವರಿಗೆ ಇದು ಅಪಾಯಕಾರಿ. ನಾಚಿಕೆಯಿಂದ ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು "ಈಗ ಹುಷಾರಾಗಿದ್ದೇನೆ" ಎಂದು ತಾವಾಗಿಯೇ ನಿಲ್ಲಿಸಬಾರದು, ಸ್ಟೆಂಟೇ ಕಟ್ಟಿಕೊಂಡೀತು. ಹೃದಯದ ಬಲ ಕುಂದಿದವರು ದಿನಾ ಬೆಳಿಗ್ಗೆ ತೂಕ ನೋಡಬೇಕು. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಒಣಮೀನು, ಉಪ್ಪಿನಕಾಯಿಯ ಲೆಕ್ಕವೂ ಇಲ್ಲಿಗೇ ಸೇರುತ್ತದೆ.

ರಂಝಾನ್‌ನಲ್ಲಿ ಇನ್ನೊಂದು ಗೊಂದಲ. ಉಪವಾಸ ಮುರಿಯುತ್ತದೆಂದು ನೋವು ಸಹಿಸಿಕೊಂಡು ಕೂರುವವರಿದ್ದಾರೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ, ಗಂಟಲಿಗಿಳಿದದ್ದನ್ನು ನುಂಗದಿದ್ದರೆ ಈ ಮಾತ್ರೆಯಿಂದ ಉಪವಾಸ ಮುರಿಯುವುದಿಲ್ಲ ಎಂದಿದೆ. ನಮ್ಮ ಉಸ್ತಾದರು ಬೇರೆ ಹೇಳಿದರೂ, ರೋಗಿಗೆ ಉಪವಾಸ ಬಿಟ್ಟು ಆಮೇಲೆ ತೀರಿಸುವ ರಿಯಾಯಿತಿ ಕುರ್‌ಆನಿನಲ್ಲೇ ಇದೆ. ಅತ್ತಾಯಕ್ಕೂ ಇಫ್ತಾರಿಗೂ ಮಾತ್ರೆಗಳನ್ನು ಹೇಗೆ ಹಂಚಬೇಕೆಂದು ತಿಂಗಳ ಮೊದಲೇ ಡಾಕ್ಟರಲ್ಲಿ ಕೇಳಿಕೊಂಡರಾಯಿತು.

ಜಮಾಅತ್‌ಗಳ ಆರೋಗ್ಯ ಶಿಬಿರಗಳಲ್ಲಿ ಬಿಪಿ ನೋಡಿ, ಫೋಟೋ ತೆಗೆದರೆ ಕೆಲಸ ಮುಗಿಯಿತು ಎಂಬಂತಾಗಿದೆ. ಅದೇ ಶಿಬಿರದಲ್ಲಿ ಒಂದು ಮೇಜು ಹೆಚ್ಚು ಹಾಕಲಿ. ನರ್ಸಿಂಗ್ ಓದುತ್ತಿರುವ ನಮ್ಮ ಹೆಣ್ಣುಮಕ್ಕಳು ಅಲ್ಲಿ ಕೂತು, ಮನೆಯಿಂದ ತಂದ ಮಾತ್ರೆ ಚೀಲ ಬಿಚ್ಚಿಸಿ ಬ್ಯಾರಿಯಲ್ಲಿ ವಿವರಿಸಲಿ. "ಅರ್ಥ ಆಯ್ತಾ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. "ರಾತ್ರಿ ನೋವು ಬಂದರೆ ಏನು ಮಾಡ್ತೀರಿ, ಒಮ್ಮೆ ಹೇಳಿ ನೋಡುವ" ಎಂದು ಉಮ್ಮಂದಿರ ಬಾಯಿಂದಲೇ ಕೇಳಲಿ.