ತವರಿನ ಮೇಲಿನ ದೂರು

ಮದುಮಗ ಹಜಾರದಲ್ಲಿ ಕಾಯುತ್ತಿದ್ದಾನೆ. ಹೊತ್ತಾಯಿತೆಂಬ ಅಸಹನೆಯಲ್ಲಿ ಕೊಡೆಯ ತುದಿಯಿಂದ ನೆಲಹಾಸಿನ ಚಿತ್ತಾರದ ಮೇಲೆ ಗೆರೆ ಎಳೆಯುತ್ತಿದ್ದಾನೆ. ಹದಿನೇಳರ ಹುಡುಗಿ ಅಮ್ಮನನ್ನು ಬಿಟ್ಟು ಹೊರಡಲಾರದೆ ಅಳುತ್ತಿದ್ದಾಳೆ. ಅಮ್ಮನಿಗೆ ಏನೋ ಹೇಳಬೇಕಿದೆ, ಆದರೆ ಬಾಯಿ ಬಾರದು. ಗಂಡ ಹೇಳಿದಂತೆ ಕೇಳಬೇಕು ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಇದು ಜಾರ್ಜ್ ಎಜರ್ಟನ್ ಬರೆದ ‘ವರ್ಜಿನ್ ಸಾಯಿಲ್’ ಕಥೆಯ ಆರಂಭ. 1894ರ ‘ಡಿಸ್ಕಾರ್ಡ್ಸ್’ ಸಂಕಲನದಲ್ಲಿದೆ. ಹೆಸರು ಗಂಡಸಿನದು, ಬರೆದವರು ಮೇರಿ ಷಾವೆಲಿಟಾ ಡನ್ ಎಂಬ ಹೆಣ್ಣುಮಗಳು.

ಐದು ವರ್ಷದ ಮೇಲೆ ಮಗಳು ತವರಿಗೆ ಬರುತ್ತಾಳೆ. ಗಂಡ ಇನ್ನೊಬ್ಬಳ ಜೊತೆ ಹೋಗಿದ್ದಾನೆ. ಆದರೆ ಅವಳ ಸಿಟ್ಟು ಅವನೊಬ್ಬನ ಮೇಲಲ್ಲ. ಏನೂ ತಿಳಿಸದೆ, ಕಣ್ಣು ಕಟ್ಟಿ ನನ್ನನ್ನು ಕಳಿಸಿಕೊಟ್ಟವಳು ನೀನು ಎಂದು ಹೆತ್ತವಳನ್ನೇ ನಿಲ್ಲಿಸಿ ಕೇಳುತ್ತಾಳೆ. ತವರೆಂದರೆ ಆಸರೆ ಎಂದು ಹಾಡಿಕೊಂಡು ಬಂದ ನಮಗೆ ಈ ದೂರು ಎದೆಗೇ ನಾಟುತ್ತದೆ. ಅವಳು ತವರಿನಲ್ಲೂ ನಿಲ್ಲುವುದಿಲ್ಲ. ಎಜರ್ಟನ್ ಅವರಿಗೆ ಹೆಸರು ತಂದದ್ದು 1893ರ ‘ಕೀನೋಟ್ಸ್’ ಸಂಕಲನ. ನನಗೆ ಮಾತ್ರ ಈ ಕಥೆಯೇ ದೊಡ್ಡದು.

ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕಾನೂನು ಸ್ವಲ್ಪ ಅಲುಗಾಡಿತ್ತು. 1882ರ ಕಾಯ್ದೆಯಿಂದ ಮದುವೆಯಾದವಳ ಆಸ್ತಿ, ದುಡಿಮೆ ಅವಳದೇ ಆಗಿತ್ತು. 1891ರಲ್ಲಿ ಗಂಡನೊಬ್ಬ ಕ್ಲಿದರೋ ಊರಿನ ಚರ್ಚಿನಿಂದ ಹೊರಬರುತ್ತಿದ್ದ ಹೆಂಡತಿಯನ್ನು ಹಿಡಿದೊಯ್ದು ಮನೆಯಲ್ಲಿ ಕೂಡಿಹಾಕಿದಾಗ, ಗಂಡನಿಗೆ ಆ ಹಕ್ಕಿಲ್ಲವೆಂದು ಮೇಲ್ಮನವಿ ನ್ಯಾಯಾಲಯ ಅವಳನ್ನು ಬಿಡಿಸಿತು. ವಿಚ್ಛೇದನದ ತಕ್ಕಡಿ ಮಾತ್ರ 1857ರಿಂದಲೂ ವಾಲಿಯೇ ಇತ್ತು. ಹೆಂಡತಿ ಹಾದರ ಮಾಡಿದಳೆಂದರೆ ಗಂಡನಿಗೆ ಅಷ್ಟೇ ಸಾಕಿತ್ತು. ಹೆಂಡತಿಯಾದರೋ ಗಂಡನ ಹಾದರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತು ಮಾಡಬೇಕಿತ್ತು.

ಕೋರ್ಟಿನವರೆಗೆ ಬಾರದ ಸಂಕಟವನ್ನು ಹಿಡಿದದ್ದು ಸಣ್ಣಕಥೆ. ಮೂರು ಸಂಪುಟದ ಕಾದಂಬರಿಗಳು ಎಷ್ಟೋ ಸಲ ಮದುವೆಯ ಗಂಟೆಯೊಂದಿಗೆ ಮುಗಿಯುತ್ತಿದ್ದವು. ಎಜರ್ಟನ್ ಕಥೆ ಆ ಗಂಟೆ ನಿಂತ ಮೇಲೆ ಶುರುವಾಗುತ್ತದೆ.

ಎಜರ್ಟನ್ ತೀರಿಕೊಂಡದ್ದು 1945ರಲ್ಲಿ. ಅವರ ಕಥೆಗಳಿಗೆ ನಮ್ಮಲ್ಲಿ ಈಗ ಹಕ್ಕುಸ್ವಾಮ್ಯದ ತೊಡಕಿಲ್ಲ. ‘ವರ್ಜಿನ್ ಸಾಯಿಲ್’ ಕಥೆಯನ್ನು ಕನ್ನಡಕ್ಕೆ ತರಲು ಮನಸ್ಸುಳ್ಳವರು ದಯವಿಟ್ಟು ನಮಗೆ ಬರೆಯಿರಿ. ಪುಟಗಳನ್ನು ಕಾದಿರಿಸುತ್ತೇವೆ.