ಮೈಸೂರೋ, ಬನ್ನೇರುಘಟ್ಟವೋ?

ಇಂಟರ್ನಲ್ಸ್ ಮುಗಿದವು, ಕೈಯಲ್ಲಿರೋದು ಒಂದೇ ಭಾನುವಾರ. ಕ್ಲಾಸ್ ಗ್ರೂಪಿನಲ್ಲಿ ಮೈಸೂರು ಮೃಗಾಲಯಕ್ಕೇ ಹೆಚ್ಚು ಓಟು. ತಪ್ಪೇನಿಲ್ಲ. 1892ರಲ್ಲಿ ಶುರುವಾದ, ಮರಗಳ ನೆರಳಲ್ಲಿ ನಡೆದೇ ನೋಡಬೇಕಾದ ಜಾಗ ಅದು. ಜಿರಾಫೆ, ಗೊರಿಲ್ಲಾ ಎದುರು ಎಷ್ಟು ಹೊತ್ತು ಬೇಕಾದ್ರೂ ನಿಲ್ಲಬಹುದು. ಬನ್ನೇರುಘಟ್ಟದ ಸಫಾರಿಯಲ್ಲಿ ಆ ಸುಖ ಇಲ್ಲ. ಬಸ್ಸು ಹೊರಟರೆ ಹುಲಿಗೂ ಟಾಟಾ.

ಆದರೂ ನಮ್ಮ ಓಟು ಬನ್ನೇರುಘಟ್ಟಕ್ಕೆ. ಬೆಂಗಳೂರಿಂದ ಮೈಸೂರಿಗೆ ಹೋಗಿ ಬರೋಕೇ ಆರೇಳು ಗಂಟೆ ಬೇಕು. ಹುಡುಗಿಯರ ಹಾಸ್ಟೆಲ್ ಗೇಟು ಎಂಟಕ್ಕೆ ಮುಚ್ಚುತ್ತೆ. ಹೋದ ಸಲವೂ "ನೀವು ಹೋಗ್ಬನ್ರೋ" ಅಂತ ಅವರು ಉಳಿದುಬಿಟ್ಟರು. ಅದನ್ನು ಕ್ಲಾಸ್ ಟ್ರಿಪ್ ಅಂತ ಕರೆದದ್ದು ನಮ್ಮದೇ ತಪ್ಪು.

ಬನ್ನೇರುಘಟ್ಟಕ್ಕೆ ಮೆಜೆಸ್ಟಿಕ್‌ನಿಂದ 365 ಹತ್ತಿದರೆ ಸಾಕು. ಬೆಳಿಗ್ಗೆ ಬೇಗ ಹೊರಟರೆ ಸಫಾರಿ, ಚಿಟ್ಟೆ ಪಾರ್ಕು ಎರಡೂ ಮುಗಿಸಿ ಕತ್ತಲಾಗೋ ಮುಂಚೆ ವಾಪಸ್. ಕುಣಿಸೋರ ಕೈಯಿಂದ ಬಿಡಿಸಿ ತಂದ ಕರಡಿಗಳಿಗೆ ಆಸರೆ ಕೊಟ್ಟ ಜಾಗವೂ ಅದೇ.

ಮೈಸೂರು ಎಲ್ಲೂ ಓಡಿಹೋಗಲ್ಲ. ಎಲ್ಲರಿಗೂ ಒಂದು ರಾತ್ರಿ ಉಳಿಯೋ ಪರ್ಮಿಷನ್ ಸಿಕ್ಕಾಗ ಹೋಗೋಣ. ಮಂಗಳವಾರ ಮಾತ್ರ ಬೇಡ, ಎರಡೂ ಕಡೆ ರಜೆ!